"ನಮಗೇನೂ ಇಲ್ಲ ಮೇಡಂ, ಅಕ್ಕಪಕ್ಕದವರು ಒಪ್ಪಲ್ಲ"

ನಾನು ಆಪ್ತಸಮಾಲೋಚಕಿ. ನನ್ನ ಹತ್ತಿರ ಬರುವವರ ಬಾಯಲ್ಲಿ ಈ ಮಾತನ್ನು ಪದೇ ಪದೇ ಕೇಳುತ್ತೇನೆ. ಮಗಳು ಬೇರೆ ಜಾತಿ ಹುಡುಗನನ್ನು ಮೆಚ್ಚಿದ್ದಾಳೆ: "ನಮಗೇನೂ ಇಲ್ಲ, ನೆಂಟರು ಸುಮ್ನಿರಲ್ಲ." ಗಂಡ ತೀರಿಕೊಂಡ ಸೊಸೆ ಇನ್ನೊಂದು ಮದುವೆ ಆಗ್ತೀನಿ ಅಂತಾಳೆ: "ನಮಗೇನೂ ಇಲ್ಲ, ಊರವರ ಬಾಯಿ ಮುಚ್ಚಿಸೋಕಾಗುತ್ತಾ?" ಬಾಡಿಗೆ ಮನೆ ವಿಷಯ ಬಂದರಂತೂ ಕೇಳಲೇ ಬೇಡಿ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ನನ್ನ ಹತ್ತಿರ ಬಂದಿದ್ದ ದಂಪತಿಯ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಮೈಸೂರಿನ ಒಂದು ಬಡಾವಣೆ. ಸರ್ಕಾರಿ ಕೆಲಸದಿಂದ ನಿವೃತ್ತರಾದವರು, ಯಜಮಾನರು ಅಂತ ಕರೆಯೋಣ. ಕೆಳಗೆ ತಾವು, ಮೇಲಿನ ಮನೆ ಬಾಡಿಗೆಗೆ. ಒಬ್ಬನೇ ಮಗ, ಬೇರೆ ಊರಲ್ಲಿ ಕೆಲಸ. ಮೇಲಿನ ಮನೆಗೆ ಬಂದಿದ್ದವರು ಗಂಡ ಹೆಂಡತಿ, ಇಬ್ಬರೂ ಕಾಲೇಜಿನಲ್ಲಿ ಪಾಠ ಮಾಡುವವರು. ಬಾಡಿಗೆ ಒಂದು ದಿನ ತಡವಾಗಿದ್ದಿಲ್ಲ. ಅವರ ಜಾತಿ ಯಾವುದು, ಧರ್ಮ ಯಾವುದು ಅಂತ ನಾನು ಬರೆಯುವುದಿಲ್ಲ. ಬರೆದರೆ ಓದುವವರಲ್ಲಿ ಅರ್ಧ ಜನ "ಓ, ಅವರಾ" ಅಂತ ಅಲ್ಲೇ ನಿಂತುಬಿಡುತ್ತಾರೆ.

ವರ್ಷ ತುಂಬುವಷ್ಟರಲ್ಲಿ ಬೀದಿಯಲ್ಲಿ ಗುಸುಗುಸು ಶುರುವಾಯಿತು. ಯಜಮಾನರು "ಮಗ ವಾಪಸ್ ಬರ್ತಿದ್ದಾನೆ, ಮನೆ ಬೇಕು" ಅಂತ ಹೇಳಿ ಖಾಲಿ ಮಾಡಿಸಿದರು. ಅಡ್ವಾನ್ಸ್ ಪೂರ್ತಿ ವಾಪಸ್ ಕೊಟ್ಟರು. ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ವಾಡಿಕೆ ಇದೆಯಲ್ಲ, ಅದನ್ನೂ ಮುರಿದುಕೊಳ್ಳಲಿಲ್ಲ. ಇದನ್ನು ನನಗೆ ಎರಡೆರಡು ಸಲ ಹೇಳಿದರು.

ಆಮೇಲೆ ಶುರುವಾಯಿತು ಕಷ್ಟ. ಮಗ ಬರುವುದಿಲ್ಲ, ಬರುವವನೂ ಅಲ್ಲ. ಬೇರೆಯವರಿಗೆ ಮನೆ ಕೊಟ್ಟರೆ ಸುಳ್ಳು ಬಯಲಾಗುತ್ತದೆ. ಹಾಗಾಗಿ ಮೇಲಿನ ಮನೆಗೆ ಬೀಗ. ಸಂಜೆ ಹೊತ್ತು ತಾವೇ ಮೇಲೆ ಹೋಗಿ ಸ್ವಲ್ಪ ಹೊತ್ತು ಲೈಟ್ ಹಾಕಿ ಬರುತ್ತಿದ್ದರು, ಯಾರೋ ಇದ್ದಾರೆ ಅಂತ ಕಾಣಲಿ ಅಂತ. ನಿದ್ದೆ ಹೋಯಿತು, ಬಿಪಿ ಏರಿತು. ಕೊನೆಗೆ ವಿಷಯ ಮಗನ ಕಿವಿಗೆ ಬಿತ್ತು. "ನಿಮಗೆ ಧೈರ್ಯ ಇಲ್ಲದಿದ್ದರೆ ನನ್ನ ಹೆಸರು ಯಾಕೆ ತಂದ್ರಿ?" ಅಂದವನು ಫೋನ್ ಮಾಡುವುದನ್ನೇ ನಿಲ್ಲಿಸಿದ. ಹೆಂಡತಿ ಇವರನ್ನು ಕರೆದುಕೊಂಡು ಬಂದಿದ್ದು ಆಗ.

ಬಿಪಿ ಮಾತ್ರೆಯನ್ನು ಡಾಕ್ಟರು ನೋಡಿಕೊಳ್ಳುತ್ತಿದ್ದರು. ನನ್ನ ಪಾಲಿಗೆ ಬಂದಿದ್ದು ಉಳಿದದ್ದು.

ಮೊದಲ ಭೇಟಿಯಲ್ಲಿ ಅವರು ತಮ್ಮ ಬಗ್ಗೆ ಹೇಳಿಕೊಂಡಿದ್ದೇ ಜಾಸ್ತಿ. ಡಿಸೆಂಬರ್ 29ರಂದು, ಅಂದರೆ ವಿಶ್ವಮಾನವ ದಿನದಂದು, ಬಡಾವಣೆಯ ಪಾರ್ಕಿನಲ್ಲಿ ಪ್ರತಿವರ್ಷ ಇವರದೇ ಭಾಷಣವಂತೆ. "ನನ್ನ ಮನಸ್ಸಲ್ಲಿ ಭೇದಭಾವ ಇಲ್ಲ ಮೇಡಂ, ನೀವು ಯಾರನ್ನ ಬೇಕಾದ್ರೂ ಕೇಳಿ." ನಾನು ನಂಬಿದೆ. ಈಗಲೂ ನಂಬುತ್ತೇನೆ. ತೊಂದರೆ ಇರುವುದೂ ಅಲ್ಲೇ. ಮನಸ್ಸಿನಲ್ಲಿ ಭೇದ ಇಲ್ಲದ ಮನುಷ್ಯನ ಕೈಯಿಂದಲೂ ಮನೆ ಖಾಲಿ ಮಾಡಿಸುವ ಕೆಲಸ ಆಗಿಹೋಗುತ್ತದೆ.

ಆಮೇಲಿನ ಒಂದು ಭೇಟಿಯಲ್ಲಿ ಕೇಳಿದೆ, "ಅವರನ್ನ ಇಟ್ಕೋಬೇಡಿ ಅಂದವರು ಯಾರು ಸರ್?"

"ಜನ."

"ಜನ ಅಂದ್ರೆ?"

"ಬೀದಿಯವರು ಮೇಡಂ. ಎಲ್ಲರೂ."

ಒಂದು ಬಿಳಿ ಹಾಳೆ, ಪೆನ್ನು ಮುಂದಿಟ್ಟೆ. "ಹೆಸರು ಬೇಡ ಅಂದ್ರೆ ಮನೆ ನಂಬರ್ ಬರೀರಿ. ಅದರ ಮುಂದೆ ಅವರ ಬಾಯಿಂದ ಬಂದ ಮಾತು ಮಾತ್ರ ಬರೀರಿ. ನಿಮಗೆ ಅನಿಸಿದ್ದು ಬೇಡ."

ಕಚೇರಿಯಲ್ಲಿ ಟಿಪ್ಪಣಿ ಬರೆದು ಪಳಗಿದ ಕೈ. ಎಡಗಡೆ ಮಾರ್ಜಿನ್ ಬಿಟ್ಟು, ಕ್ರಮಸಂಖ್ಯೆ ಹಾಕಿ, ದುಂಡಗೆ ಬರೆದರು. ಬೀದಿಯಲ್ಲಿ 30ಕ್ಕೂ ಹೆಚ್ಚು ಮನೆ. ಹಾಳೆಯಲ್ಲಿ ಬಂದಿದ್ದು ನಾಲ್ಕು ಸಾಲು. ಒಬ್ಬರು ಪಾರ್ಕಿನಲ್ಲಿ ಕೇಳಿದ್ದು: "ಮೇಲ್ಗಡೆ ಯಾರಿಗೆ ಕೊಟ್ಟಿದೀರಿ ಸಾರ್?" ಅಷ್ಟೇ. ಇನ್ನೊಬ್ಬರ ಮುಂದೆ ಬರೆಯಲು ಮಾತೇ ಇರಲಿಲ್ಲ. ಅವರು ಒಂದು ದಿನ ಮುಖ ತಿರುಗಿಸಿಕೊಂಡು ಹೋಗಿದ್ದರಂತೆ. ಮೂರನೆಯವರು "ಒಳ್ಳೇವ್ರೇ ಪಾಪ, ಆದ್ರೂ ನೋಡಿ" ಅಂದಿದ್ದರು. ನೇರವಾಗಿ "ಈ ಬೀದೀಲಿ ಇದೆಲ್ಲ ಬೇಡ" ಅಂದಿದ್ದು ಒಬ್ಬರು ಮಾತ್ರ.

ಅವರು ಹಾಳೆಯನ್ನೇ ನೋಡುತ್ತಾ ಕೂತರು. ನಾನೂ ಸುಮ್ಮನಿದ್ದೆ. ಮಾತಾಡಿದ್ದು ಪಕ್ಕದಲ್ಲಿದ್ದ ಅವರ ಹೆಂಡತಿ. ಅಲ್ಲಿಯವರೆಗೆ ಅವರು ಬಾಯಿ ಬಿಟ್ಟಿದ್ದೇ ಕಡಿಮೆ.

"ಆ ಮೂಲೆ ಮನೆಯವರು ಔಟ್‌ಹೌಸ್ ಕೊಟ್ಟಿದ್ರಲ್ಲ, ಆಗ ಅವ್ರನ್ನ ಕೇಳಿದ್ದು ನೀವೇ ಅಲ್ವಾ? ಯಾರಿಗೆ ಕೊಟ್ಟಿದೀರಿ ಅಂತ?"

"ಅದು ಬೇರೆ ವಿಷಯ. ಎಷ್ಟೋ ವರ್ಷ ಆಯ್ತು."

"ಎರಡೇ ತಿಂಗಳಿಗೆ ಅವ್ರೂ ಖಾಲಿ ಮಾಡಿಸಿದ್ರು."

"ನಾನ್ ಸುಮ್ನೆ ಕೇಳಿದ್ದು ಕಣೇ."

"ಇವ್ರೂ ಸುಮ್ನೆ ಕೇಳಿದ್ದೇ ಇರಬೇಕು ಬಿಡಿ."

ಆಕೆ ಕೊಂಕು ತೆಗೆಯಲಿಲ್ಲ, ದನಿ ಏರಿಸಲಿಲ್ಲ. ಹಾಲಿನ ಲೆಕ್ಕ ಹೇಳುವ ಹಾಗೆ ಹೇಳಿದರು. ಯಜಮಾನರು ಪೆನ್ನಿನ ಕ್ಯಾಪ್ ತೆಗೆದರು, ಹಾಕಿದರು. "ಐದನೇದು ನಾನೇ ಬರ್ಕೋಬೇಕೇನೋ" ಅಂದರು. ಬರೆಯಲಿಲ್ಲ. ಹಾಳೆ ಮಡಿಚಿ ಜೇಬಿಗೆ ಹಾಕಿಕೊಂಡರು.

ಸಲಹೆ ಕೊಟ್ಟಿದ್ದು ಅದಾದ ಮೇಲೆ. ಹೊರಡುವ ಮೊದಲು ಅವರು ಕೇಳಿದ್ದು, "ಆ ಮೇಷ್ಟ್ರ ಹತ್ರ ಹೋಗಿ ಕ್ಷಮೆ ಕೇಳಲಾ?" ಈಗಲೇ ಬೇಡ ಅಂದೆ. ಅವರು ಬೇರೆ ಕಡೆ ಮನೆ ಹುಡುಕಿಕೊಂಡು, ಮತ್ತೆ "ನೀವು ಯಾವ ಜನ" ಅನ್ನೋ ಪ್ರಶ್ನೆಗೆ ಉತ್ತರ ಕೊಟ್ಟು, ಈಗಷ್ಟೇ ನೆಲೆ ನಿಂತಿರುತ್ತಾರೆ. ಅವರ ಬಾಗಿಲಿಗೆ ಹೋಗಿ ಕಣ್ಣೀರು ಹಾಕಿದರೆ ಸಮಾಧಾನ ಮಾಡುವ ಕೆಲಸವೂ ಅವರ ತಲೆಗೇ ಬೀಳುತ್ತದೆ. ಬೇಕಾದರೆ ಒಂದು ಕಾಗದ ಬರೆಯಿರಿ, ನಿಜ ಏನು ಅಂತ ಎರಡು ಸಾಲು, ಉತ್ತರ ಕೇಳಬೇಡಿ. ಅದಕ್ಕಿಂತ ಮೊದಲು ಸುಳ್ಳು ಹುಟ್ಟಿದ ಬೀದಿಯಲ್ಲೇ ನಿಜ ಹೇಳಿ. ನಾಲ್ಕನೇ ಸಾಲಿನವರ ಹತ್ತಿರ ಹೋಗಿ "ಮಗ ಬರ್ತಿರಲಿಲ್ಲ, ನಿಮ್ಮ ಮಾತು ಕೇಳಿ ನಾನು ಖಾಲಿ ಮಾಡಿಸಿದೆ, ನಾನು ಮಾಡಿದ್ದು ಸರಿಯಿಲ್ಲ" ಅನ್ನಿ. ಆಮೇಲೆ ಮನೆ ಬಾಡಿಗೆಗೆ ಕೊಡಿ. ಷರತ್ತು ಹಾಕುವುದಾದರೆ ನಿಮ್ಮ ಹೆಸರಲ್ಲಿ ಹಾಕಿ. "ನನಗೆ ಬೇಡ" ಅನ್ನೋಕೆ ನಾಚಿಕೆ ಆದರೆ, ಆ ಷರತ್ತು ಬೇಡ ಅಂತಲೇ ಅರ್ಥ.

ಇದನ್ನು ಕೇಳಿದ ಸಹೋದ್ಯೋಗಿಯೊಬ್ಬರು ನನ್ನ ಮೇಲೆ ರೇಗಿದರು. ನಿದ್ದೆ ಬರಲ್ಲ ಅಂತ ಬಂದವರಿಗೆ ನಿದ್ದೆ ಬರಿಸಬೇಕು, ನೀತಿಪಾಠ ಯಾಕೆ ಅಂದರು. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಕಾಲದಿಂದ ನಮಗೆ ಹೇಳಿಕೊಟ್ಟಿದ್ದೇ ಅದು: ಬಂದವರನ್ನು ಅಳೆಯಬೇಡಿ, ಇದ್ದ ಹಾಗೆ ಒಪ್ಪಿಕೊಳ್ಳಿ. ನಾನು ಯಜಮಾನರನ್ನು ಒಪ್ಪಿಕೊಂಡಿದ್ದೆ. ಅವರ ನೆಪವನ್ನು ಒಪ್ಪಿಕೊಳ್ಳಬೇಕು ಅಂತ ರೋಜರ್ಸ್ ಎಲ್ಲೂ ಹೇಳಿಲ್ಲ. ಇವರ ನಿದ್ದೆ ಕೆಟ್ಟಿದ್ದು ಕಾಯಿಲೆಯಿಂದ ಅಂತ ನನಗೆ ಅನಿಸಲಿಲ್ಲ. ಮಾಡಿದ ಕೆಲಸ ಮನಸ್ಸಿಗೆ ಒಗ್ಗದೆ ಕೆಟ್ಟಿತ್ತು. "ಹೋಗ್ಲಿ ಬಿಡಿ ಸರ್, ಎಲ್ಲರೂ ಹಾಗೇ ಮಾಡೋದು" ಅಂತ ಅಂದಿದ್ದರೆ ಬಹುಶಃ ಮಲಗುತ್ತಿದ್ದರು. ಮುಂದಿನ ಬಾಡಿಗೆಯವರಿಗೂ ಅದೇ ಗತಿ ಆಗುತ್ತಿತ್ತು.

ಒಬ್ಬರ ಹತ್ತಿರ ಹೇಳಿದರೆ ಏನಾಗುತ್ತೆ ಅಂತ ಯಜಮಾನರೂ ಕೇಳಿದ್ದರು. ಅವರಿಗೆ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ ಅವರ ಪ್ರಯೋಗ ಹೇಳಿದೆ. 1950ರ ದಶಕದ್ದು, ಅಮೆರಿಕದಲ್ಲಿ. ತೋರಿಸಿದ ಗೆರೆಯಷ್ಟೇ ಉದ್ದ ಇರುವ ಗೆರೆ ಯಾವುದು ಅಂತ ಹೇಳುವುದು, ಮಕ್ಕಳಿಗೂ ಗೊತ್ತಾಗುವಂಥದ್ದು. ಕೋಣೆಯಲ್ಲಿದ್ದ ಉಳಿದವರೆಲ್ಲ, ಮೊದಲೇ ಹೇಳಿಕೊಟ್ಟ ಹಾಗೆ, ತಪ್ಪು ಉತ್ತರ ಹೇಳುತ್ತಾರೆ. ಪರೀಕ್ಷೆಗೆ ಕೂತವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಒಂದು ಸಲವಾದರೂ ಅವರ ಜೊತೆ ಹೂಂ ಅಂದರು. ಆದರೆ ಆ ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳಿದರೆ ಸಾಕು, ಹೀಗೆ ಹೂಂ ಅನ್ನುವುದು ತೀರಾ ಇಳಿದುಹೋಗುತ್ತಿತ್ತು. ಮೂರನೇ ಸಾಲಿನವರು "ಒಳ್ಳೇವ್ರೇ ಪಾಪ" ಅಂದಿದ್ದರಲ್ಲ, ಅವರು ಕಾಯುತ್ತಿದ್ದಿದ್ದು ಆ ಒಬ್ಬನಿಗೇ ಇರಬಹುದು.

ಕಾನೂನಿನ ಮಾತೂ ಬಂತು, ಸರ್ಕಾರಿ ಕೆಲಸದವರಲ್ವಾ. ಅಸ್ಪೃಶ್ಯತೆಯ ಆಚರಣೆ ಸಂವಿಧಾನದ 17ನೇ ವಿಧಿಯ ಪ್ರಕಾರ ಅಪರಾಧ, 1955ರಿಂದ ಅದಕ್ಕೆ ಕಾಯ್ದೆಯೂ ಇದೆ. ಅದು ಅವರಿಗೆ ಬಾಯಿಪಾಠ. 15ನೇ ವಿಧಿಯಲ್ಲಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆ ಎಲ್ಲ ಬರುತ್ತವೆ, ಬಾಡಿಗೆ ಮನೆಯ ಹೆಸರಿಲ್ಲ ಅಂತಲೂ ಅವರೇ ಹೇಳಿದರು. 1976ರಲ್ಲಿ ಸೇರಿದ ಮೂಲಭೂತ ಕರ್ತವ್ಯಗಳ ಪಟ್ಟಿಯನ್ನು ನಾನು ನೆನಪಿಸಿದೆ. ಧರ್ಮ, ಭಾಷೆ, ಪ್ರದೇಶದ ಭೇದ ಮೀರಿ ಸೋದರಭಾವ ಬೆಳೆಸುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯ ಅಂತ 51ಎ ಹೇಳುತ್ತದೆ. "ಅದಕ್ಕೆ ಶಿಕ್ಷೆ ಏನೂ ಇಲ್ಲ ಮೇಡಂ" ಅಂದರು. ಇಲ್ಲ, ನಿಜ. ಶಿಕ್ಷೆ ಇಲ್ಲದ ಕಡೆ ಏನು ಮಾಡುತ್ತೇವೆ ಅನ್ನೋದೇ ನನ್ನ ಕೋಣೆಗೆ ಬರುವ ವಿಷಯ. ಶಿಕ್ಷೆ ಇದ್ದರೆ ವಕೀಲರ ಹತ್ತಿರ ಹೋಗುತ್ತಿದ್ದರು.

ನಾಲ್ಕನೇ ಸಾಲಿನವರ ಹತ್ತಿರ ಹೋಗಿ ಹೇಳಿದರಂತೆ. ಆ ಮನುಷ್ಯ ಬೆಚ್ಚಿಬಿದ್ದು, "ಅಯ್ಯೋ, ನಾನ್ ಏನೋ ಮಾತಿಗೆ ಅಂದೆ ಸಾರ್, ನೀವು ಖಾಲಿ ಮಾಡಿಸೇಬಿಡ್ತೀರ ಅಂತ ಯಾರಿಗೆ ಗೊತ್ತಿತ್ತು?" ಅಂದರಂತೆ. ಯಜಮಾನರಿಗೆ ಸಿಟ್ಟು ಬಂದಿತ್ತು. ಇಷ್ಟು ದಿನದಲ್ಲಿ ಅವರಿಗೆ ಸಿಟ್ಟು ಬಂದಿದ್ದನ್ನು ನಾನು ನೋಡಿದ್ದು ಆಗಲೇ. ಮಗನಿಗೆ ಇವರೇ ಫೋನ್ ಮಾಡಿ ಹೇಳಿದರು. ಮಗ "ಸರಿ" ಅಂದನಂತೆ, ಬೇರೆ ಏನೂ ಹೇಳಲಿಲ್ಲ. ಮೇಷ್ಟ್ರಿಗೆ ಬರೆದ ಕಾಗದ ಇನ್ನೂ ಪೋಸ್ಟಿಗೆ ಹೋಗಿಲ್ಲ.

ಮೇಲಿನ ಮನೆಗೆ ಈಗ ಟು ಲೆಟ್ ಬೋರ್ಡ್ ಹಾಕಿದ್ದಾರೆ. ಅದರಲ್ಲಿರುವುದು ಹೆಂಡತಿಯ ಫೋನ್ ನಂಬರ್. ಯಾಕೆ ಅಂತ ಕೇಳಿದ್ದಕ್ಕೆ ಆಕೆ, "ಇವ್ರು ಮಾತಾಡಿದ್ರೆ ಬಾಯಿ ತಪ್ಪಿ ಕೇಳಿಬಿಡ್ತಾರೆ ಮೇಡಂ. ನಾನಾದ್ರೆ ನೀರು ಎಷ್ಟು ಹೊತ್ತು ಬರುತ್ತೆ, ಗಾಡಿ ಎಷ್ಟಿದೆ ಅಂತ ಕೇಳ್ತೀನಿ" ಅಂದರು.