ಮಾತ್ರೆಯ ಹೊತ್ತು ನೋಡಿಕೊಂಡು ಆಟ ಇಟ್ಟುಕೊಳ್ಳಿ

ಪಾರ್ಕಿನ್ಸನ್ ಕಾಯಿಲೆಯವರ ನೆರವಿಗೆಂದು ಗಾಲ್ಫ್ ಪಂದ್ಯ ಇಟ್ಟುಕೊಂಡಿದ್ದೇವೆ, ಕಾಯಿಲೆ ಇರುವ ಐದಾರು ಮಂದಿ ತಾವೂ ಆಡುತ್ತೇವೆ ಎನ್ನುತ್ತಿದ್ದಾರೆ, ಹೇಗೆ ನಿಭಾಯಿಸುವುದು ಎಂದು ಕೇಳಿದ್ದೀರಿ. ಇಂಥ ಪಂದ್ಯದ ಹೊಣೆಯನ್ನು ಎರಡು ಸಲ ಹೊತ್ತಿದ್ದೇನೆ. ಏಳು ವರ್ಷದಿಂದ ನಾನೂ ಇದೇ ಕಾಯಿಲೆಯವನು. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಕೈ ನಡುಗುವವರು ಹೇಗೆ ಆಡುತ್ತಾರೆ ಎಂಬುದು ನಿಮ್ಮ ಸಮಿತಿಯವರ ಅನುಮಾನ. ನಮ್ಮ ನಡುಕ ಹೆಚ್ಚಾಗಿ ಕೈ ಸುಮ್ಮನಿದ್ದಾಗಿನದು, ಕೆಲಸಕ್ಕೆ ತೊಡಗಿದರೆ ಅನೇಕರಲ್ಲಿ ತಗ್ಗುತ್ತದೆ. ತೊಡೆಯ ಮೇಲೆ ಕುಣಿಯುವ ನನ್ನ ಬಲಗೈ ಕ್ಲಬ್ (ಚೆಂಡು ಹೊಡೆಯುವ ಕೋಲು) ಹಿಡಿದೊಡನೆ ಸಾಧುವಾಗಿಬಿಡುತ್ತದೆ. (ಚೆಂಡನ್ನು ಮೆಲ್ಲಗೆ ಕುಳಿಗೆ ಉರುಳಿಸುವ ನನ್ನ ಪಟಿಂಗ್ ಕೆಟ್ಟಿರುವುದಕ್ಕೆ ಕಾಯಿಲೆಯನ್ನು ದೂರುವಂತಿಲ್ಲ, ಅದು ಮೊದಲಿನಿಂದಲೂ ಹಾಗೆಯೇ.) ನಿಜವಾಗಿ ಕಾಡುವುದು ಮೈಯ ಬಿಗಿತ, ನಿಧಾನ ಮತ್ತು ತಪ್ಪುವ ಸಮತೋಲ.

ಅದಕ್ಕಿಂತ ದೊಡ್ಡ ವಿಷಯ ಮಾತ್ರೆಯ ಹೊತ್ತು. ಈ ಕಾಯಿಲೆಗೆ ಕೊಡುವ ಮುಖ್ಯ ಔಷಧಿ ಲೆವೊಡೋಪಾದ ಬಲ ಇರುವಷ್ಟು ಹೊತ್ತು ಸಲೀಸಾಗಿ ಆಡಿದವನು, ಅದು ಇಳಿದ ಮೇಲೆ ಕಾರ್ಟ್‌ನಿಂದ ಇಳಿಯಲೂ ಒದ್ದಾಡಬಹುದು. ನಮ್ಮ ಮೊದಲ ಪಂದ್ಯದಲ್ಲಿ ಭಾಷಣಗಳಿಗೇ ಮುಕ್ಕಾಲು ಗಂಟೆ ಹೋಯಿತು. ಆಟದ ಹೊತ್ತಿಗೆ ಲೆಕ್ಕ ಹಾಕಿ ಮಾತ್ರೆ ನುಂಗಿ ಬಂದಿದ್ದ ಇಬ್ಬರು ಮೂರನೆಯ ಹೋಲ್‌ನಲ್ಲೇ (ಕುಳಿಯಲ್ಲೇ) ನಿಂತುಬಿಟ್ಟರು. ಆ ಭಾಷಣಗಳಲ್ಲಿ ಒಂದು ನನ್ನದು! ಎರಡನೆಯ ಸಲ ಶಾಟ್‌ಗನ್ ಸ್ಟಾರ್ಟ್ ಮಾಡಿದೆವು. ಎಲ್ಲ ತಂಡಗಳೂ ಬೇರೆ ಬೇರೆ ಹೋಲ್‌ಗಳಿಂದ ಒಮ್ಮೆಗೇ ಶುರು ಮಾಡುವುದರಿಂದ ಯಾರೂ ಸರದಿ ಕಾಯಬೇಕಿಲ್ಲ. ನೋಂದಣಿ ಪತ್ರದಲ್ಲೇ ಯಾವ ಹೊತ್ತು ನಿಮಗೆ ಅನುಕೂಲ ಎಂದು ಕೇಳಿ, ಹೇಳಿದ ನಿಮಿಷಕ್ಕೆ ಆಟ ಶುರುಮಾಡಿ. ಭಾಷಣ ಊಟದ ಹೊತ್ತಿಗಿರಲಿ.

ಆಟ ಸ್ಕ್ರ್ಯಾಂಬಲ್ ಇರಲಿ. ನಾಲ್ವರೂ ಹೊಡೆದು, ಚೆನ್ನಾಗಿ ಬಿದ್ದ ಚೆಂಡಿನ ಜಾಗದಿಂದ ಎಲ್ಲರೂ ಮುಂದುವರಿಯುವುದರಿಂದ ಯಾರ ಕೆಟ್ಟ ಹೊಡೆತವೂ ತಂಡಕ್ಕೆ ಭಾರವಾಗುವುದಿಲ್ಲ. 18 ಹೋಲ್ ಬೇಡವೆಂದವರಿಗೆ 9 ಸಾಕು. 2019ರ ನಿಯಮದಿಂದ ಕುಳಿಯಲ್ಲಿ ನೆಟ್ಟ ಬಾವುಟ ತೆಗೆಯದೆಯೇ ಪಟ್ ಮಾಡಬಹುದು. ಪಟರ್‌ನ ಹಿಡಿಕೆಯ ತುದಿಗೆ ಚೆಂಡು ಎತ್ತುವ ರಬ್ಬರ್ ಬಟ್ಟಲು ಸಿಕ್ಕಿಸಿದರೆ ಬಗ್ಗುವ ಕೆಲಸವೂ ತಪ್ಪುತ್ತದೆ.

ಸ್ವಯಂಸೇವಕರಿಗೆ ಇದೊಂದನ್ನು ಕಲಿಸಿಯೇ ಕಳುಹಿಸಿ. ಇಕ್ಕಟ್ಟಾದ ದಾರಿಯಲ್ಲೋ ತಿರುಗುವಾಗಲೋ ನಮ್ಮ ಕಾಲು ನೆಲಕ್ಕೆ ಅಂಟಿದಂತೆ ನಿಲ್ಲುವುದುಂಟು. ಆಗ ಕೈ ಹಿಡಿದು ಎಳೆದರೆ ಬೀಳುತ್ತೇವೆ. ಒಂದು ಗಳಿಗೆ ಕಾಯಿರಿ, ನಮ್ಮ ಮುಂದೆ ನೆಲದ ಮೇಲೆ ಒಂದು ಕ್ಲಬ್ ಅಡ್ಡ ಇಟ್ಟು ದಾಟಲು ಹೇಳಿ. ನೋಡುವವರಿಗೆ ವಿಚಿತ್ರ, ಆದರೆ ಎಷ್ಟೋ ಸಲ ಕಾಲು ಏಳುತ್ತದೆ. ಮುಖದಲ್ಲಿ ಭಾವ ಕಾಣದಿದ್ದರೆ ಬೇಸರವೆಂದು ತಿಳಿಯಬೇಡಿ, ಸ್ನಾಯುಗಳ ಬಿಗಿತ ಅದು. ಊಟಕ್ಕೂ ಒತ್ತಾಯ ಬೇಡ. ಪ್ರೋಟೀನ್ ಹೆಚ್ಚಾದರೆ ಕೆಲವರಿಗೆ ಮಾತ್ರೆ ಸರಿಯಾಗಿ ಹತ್ತುವುದಿಲ್ಲ.

ಹಣದ ಮಾತು. ನಮ್ಮಲ್ಲಿ ಪ್ರವೇಶ ಶುಲ್ಕವೆಲ್ಲ ಮೈದಾನದ ಬಾಡಿಗೆಗೂ ಊಟಕ್ಕೂ ಮುಗಿಯಿತು. ಉಳಿದದ್ದು ಹೋಲ್‌ಗೊಬ್ಬರಂತೆ ಬಂದ ಪ್ರಾಯೋಜಕರಿಂದ ಮತ್ತು ಮರುಹೊಡೆತದ ಚೀಟಿ ಮಾರಿದ್ದರಿಂದ. ಆ ಹಣ ವ್ಯಾಯಾಮ ತರಗತಿಗೋ, ಮಾತಿನ ಚಿಕಿತ್ಸೆಗೋ, ಮನೆಯಲ್ಲಿ ನೋಡಿಕೊಳ್ಳುವವರ ಬಿಡುವಿಗೋ ಎಂಬುದನ್ನು ಆಹ್ವಾನ ಪತ್ರದಲ್ಲೇ ಬರೆಯಿರಿ. ಇಲ್ಲವಾದರೆ ಊಟದ ಸಾಲಿನಲ್ಲೇ ಲೆಕ್ಕ ಕೇಳುತ್ತಾರೆ, ಕೇಳಬೇಕಾದದ್ದೇ.