ರಾಯಚೂರು ಹತ್ತಿ ದರದ ಪುಟ: ರಿಯಾಕ್ಟ್ ಬಿಟ್ಟು ಎಲ್ಮ್‌ಗೆ ಹೋಗಬೇಕಾ?

ರಿಯಾಕ್ಟ್‌ನಲ್ಲಿ (ವೆಬ್ ಪರದೆ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಮಾಡಿದ ನಿಮ್ಮ ಪುಟ ಸರಿಯಾಗಿ ಬದಲಾಗುತ್ತಿಲ್ಲ, ಎಲ್ಮ್‌ಗೆ (ವೆಬ್ ಪುಟಕ್ಕೆಂದೇ ಇರುವ ಬೇರೆ ಭಾಷೆ) ಹೋಗಬೇಕಾ ಎಂದು ಕೇಳಿದ್ದೀರಿ. ಹತ್ತಿ ದರ ತಿದ್ದಿದರೂ ಪರದೆಯಲ್ಲಿ ಹಳೆಯದೇ ಉಳಿಯುತ್ತಿದೆ ಅಂದರೆ, ನೀವು ಇದ್ದ ಅರೇಯನ್ನೇ (ದರಗಳ ಪಟ್ಟಿಯನ್ನೇ) ಬದಲಿಸುತ್ತಿರಬೇಕು. ಪುಶ್ (ಕೊನೆಗೆ ಸೇರಿಸುವುದು), ಸಾರ್ಟ್ (ಕ್ರಮಕ್ಕೆ ಜೋಡಿಸುವುದು) ಎರಡೂ ಹಾಗೆಯೇ ಮಾಡುತ್ತವೆ. ಅದೇ ಅರೇಯನ್ನು ಮತ್ತೆ ಕೊಟ್ಟರೆ, ಏನೂ ಬದಲಾಗಿಲ್ಲ ಎಂದು ರಿಯಾಕ್ಟ್ ಸುಮ್ನೆ ಇರುತ್ತದೆ. ನಿಮ್ಮ ಕೋಡ್ ನೋಡದೆ ಖಚಿತ ಹೇಳಲಾರೆ, ಆದರೆ ಲಕ್ಷಣ ಇದರದ್ದೇ.

ಮೊದಲು ಪುಶ್ ತೆಗೆದು ಸ್ಪ್ರೆಡ್‌ನಿಂದ (ಹಳೆಯದರ ಅಂಶಗಳನ್ನು ಹೊಸದರಲ್ಲಿ ಹರಡುವ ಮೂರು ಚುಕ್ಕಿ) ಹೊಸ ಅರೇ ಮಾಡಿ. ದರ ತಿದ್ದಲು ಮ್ಯಾಪ್ (ಪ್ರತಿ ಸಾಲನ್ನೂ ದಾಟಿಸಿ ಹೊಸ ಅರೇ ಕೊಡುವುದು) ಬಳಸಿ, ಆ ಸಾಲಿಗೆ ಹೊಸ ಆಬ್ಜೆಕ್ಟ್ ಕೊಡಿ. ಸಾರ್ಟ್ ಬೇಕಿದ್ದರೆ ನಕಲು ಮಾಡಿ ಅದರ ಮೇಲೆ.

ಆಮೇಲೆ ಒಟ್ಟು ಕ್ವಿಂಟಲ್, ಒಟ್ಟು ಮೊತ್ತವನ್ನು ಸ್ಟೇಟ್‌ನಲ್ಲಿ (ಪುಟ ನೆನಪಿಡುವ ಮಾಹಿತಿಯಲ್ಲಿ) ಇಡಬೇಡಿ. ಪಟ್ಟಿಯಿಂದಲೇ ಪ್ರತಿ ಸಲ ಲೆಕ್ಕ ಹಾಕಿ. ಎರಡು ಕಡೆ ಬರೆದ ಲೆಕ್ಕ ಒಂದಲ್ಲ ಒಂದು ದಿನ ತಪ್ಪುತ್ತದೆ, ದಲಾಲಿ ಅಂಗಡಿಯಲ್ಲೂ ಹಾಗೇ ಅಲ್ವಾ?

ಕೊನೆಗೆ ಎಲ್ಲ ಬದಲಾವಣೆಯನ್ನೂ ರಿಡ್ಯೂಸರ್ ಎಂಬ ಒಂದೇ ಫಂಕ್ಷನ್‌ಗೆ ತನ್ನಿ. ಹಳೆಯ ಸ್ಥಿತಿ ಮತ್ತು ಸಂದೇಶ ಒಳಗೆ, ಹೊಸ ಸ್ಥಿತಿ ಹೊರಗೆ, ಅಷ್ಟೇ. ಸರ್ವರ್ ಕರೆ ಅದರೊಳಗೆ ಬೇಡ. ಇದಕ್ಕೆ ಬೇಕಾದ ಯೂಸ್‌ರಿಡ್ಯೂಸರ್ 16.8ನೇ ಆವೃತ್ತಿಯಿಂದ ರಿಯಾಕ್ಟ್‌ನಲ್ಲೇ ಇದೆ.

ಎಲ್ಮ್‌ನಲ್ಲಿ ಇದ್ದ ಪಟ್ಟಿಯನ್ನೇ ಬದಲಿಸುವ ತಪ್ಪು ಮಾಡಲು ದಾರಿಯೇ ಇಲ್ಲ, ಬದಲಾವಣೆಯೂ ಹೀಗೆ ಒಂದೇ ಫಂಕ್ಷನ್‌ನಿಂದ ಬರುತ್ತದೆ. ನನಗೆ ಅದು ತುಂಬಾ ಇಷ್ಟ. ಆದರೆ ನಿಮ್ಮ ಚಾರ್ಟ್ ಲೈಬ್ರರಿಯನ್ನು ಪೋರ್ಟ್‌ಗಳ (ಎಲ್ಮ್ ಮತ್ತು ಜಾವಾಸ್ಕ್ರಿಪ್ಟ್ ನಡುವೆ ಸಂದೇಶ ಸಾಗಿಸುವ ದಾರಿ) ಮೂಲಕ ಜೋಡಿಸುವ ಕೆಲಸ ಜಾಸ್ತಿ. ಈಗ ರಿಯಾಕ್ಟ್‌ನಲ್ಲೇ ಸರಿಮಾಡಿ. ಮುಂದೆ ಬೇಕೆನಿಸಿದರೆ ದರ ತುಂಬುವ ಫಾರ್ಮ್ ಒಂದನ್ನೇ ಎಲ್ಮ್‌ನಲ್ಲಿ ಬರೆದು ನೋಡಿ.