ಓದುಗರ ಪ್ರಶ್ನೆ: ಚಳಿಗಾಲದಲ್ಲಿ ಮಳೆ ಬರುವ ಕೇಪ್

ಹಿಂದಿನ ಸಂಚಿಕೆಯಲ್ಲಿ ದಕ್ಷಿಣ ಆಫ್ರಿಕಾದ ಕೇಪ್ ಕರಾವಳಿ ಬಗ್ಗೆ ಒಂದು ಪುಟ ಬರೆದಿದ್ದೆ. ಪತ್ರಗಳು ರಾಶಿ ಬಂದಿವೆ. ಅರ್ಧಕ್ಕರ್ಧ ಜನ ಸಿಂಹದ ಬಗ್ಗೆಯೇ ಕೇಳಿದ್ದಾರೆ. ಸಿಂಹ ನೋಡುವ ಆಸೆ ಇದ್ದರೆ ಕ್ರೂಗರ್ ರಾಷ್ಟ್ರೀಯ ಉದ್ಯಾನದ ಕಡೆ ಹೋಗಿ. ಕೇಪ್‌ನಲ್ಲಿ ನೋಡಬೇಕಾದದ್ದು ಗಿಡ. ಉಳಿದ ಪ್ರಶ್ನೆಗಳಿಗೆ ಬರೋಣ.

ಪ್ರಶ್ನೆ: ಕೇಪ್‌ಟೌನ್‌ನದು ಮೆಡಿಟರೇನಿಯನ್ ಹವಾಮಾನ ಅಂತ ಮಗಳ ಪುಸ್ತಕದಲ್ಲಿದೆ. ಆ ಸಮುದ್ರ ಇರುವುದು ಯುರೋಪಿನ ಕೆಳಗೆ. ಆಫ್ರಿಕಾದ ತುದಿಗೆ ಅದರ ಹವಾಮಾನ ಹೇಗೆ ಬಂತು?

ಉತ್ತರ: ಮಳೆ ಬರುವ ತಿಂಗಳುಗಳಿಂದ ಬಂದ ಹೆಸರು ಅದು. ಚಳಿಗಾಲದಲ್ಲಿ ಮಳೆ, ಬೇಸಿಗೆ ಒಣ. ಜಗತ್ತಿನಲ್ಲಿ ಹೀಗಿರುವುದು ಐದೇ ಕಡೆ: ಮೆಡಿಟರೇನಿಯನ್ ಸುತ್ತಮುತ್ತ, ಕ್ಯಾಲಿಫೋರ್ನಿಯಾ, ಮಧ್ಯ ಚಿಲಿ, ಆಸ್ಟ್ರೇಲಿಯಾದ ನೈಋತ್ಯ ಭಾಗ ಮತ್ತು ಕೇಪ್. ದಕ್ಷಿಣ ಗೋಳದ ಚಳಿಗಾಲ ಜೂನ್‌ನಿಂದ ಆಗಸ್ಟ್. ಬೇಸಿಗೆಯಲ್ಲಿ ಸಮುದ್ರದ ಮೇಲಿನ ಅಧಿಕ ಒತ್ತಡದ ಪಟ್ಟಿ ದಕ್ಷಿಣಕ್ಕೆ ಸರಿದು ಮಳೆಮೋಡಗಳನ್ನು ತಡೆಯುತ್ತದೆ. ಚಳಿಗಾಲದಲ್ಲಿ ಅದು ಉತ್ತರಕ್ಕೆ ಸರಿಯುತ್ತದೆ. ಆಗ ಪಶ್ಚಿಮದ ಗಾಳಿ ಮಳೆ ಹೊತ್ತು ಒಳಗೆ ನುಗ್ಗುತ್ತದೆ.

ಆದರೆ ಊರಿಗೆಲ್ಲ ಒಂದೇ ಮಳೆ ಅಂದುಕೊಳ್ಳಬೇಡಿ. ಕೇಪ್‌ಟೌನ್ ವಿಮಾನ ನಿಲ್ದಾಣದ ಬಳಿ ವರ್ಷಕ್ಕೆ ಸುಮಾರು 500 ಮಿಲಿಮೀಟರ್. ಟೇಬಲ್ ಮೌಂಟನ್ ಬುಡದ ನ್ಯೂಲ್ಯಾಂಡ್ಸ್‌ನಲ್ಲಿ 1,500 ದಾಟುತ್ತದೆ. ಬೆಟ್ಟದ ಎತ್ತರ 1,086 ಮೀಟರ್, ಮೋಡ ತಡೆಯಲು ಅಷ್ಟು ಸಾಕು.

ಈ ಮಳೆಯ ತಿಂಗಳುಗಳನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದಿನ ಉತ್ತರಗಳಿಗೆ ಅದೇ ಆಧಾರ.

ಪ್ರಶ್ನೆ: ಎರಡು ಸಾಗರ ಸೇರುವ ಗೆರೆ ಕೇಪ್ ಪಾಯಿಂಟ್‌ನಲ್ಲಿ ಕಣ್ಣಿಗೇ ಕಾಣುತ್ತದಂತೆ, ನಿಜವೇ?

ಉತ್ತರ: ಇಲ್ಲ. ಅಟ್ಲಾಂಟಿಕ್ ಮತ್ತು ಹಿಂದೂ ಮಹಾಸಾಗರದ ಅಧಿಕೃತ ಗಡಿ ಇರುವುದು ಅಗುಲ್ಹಾಸ್ ಭೂಶಿರದಲ್ಲಿ, ಕೇಪ್ ಪಾಯಿಂಟ್‌ನಿಂದ ಇನ್ನೂ ಸುಮಾರು 150 ಕಿ.ಮೀ. ಆಗ್ನೇಯಕ್ಕೆ. ಅಲ್ಲೂ ಗೆರೆ ಇಲ್ಲ, ಒಂದು ಫಲಕ ಇದೆ. ವ್ಯತ್ಯಾಸ ಬೇಕಿದ್ದರೆ ನೀರಿಗೆ ಕಾಲಿಟ್ಟು ನೋಡಿ. ಬೇಸಿಗೆಯ ಆಗ್ನೇಯ ಗಾಳಿ, ಅಲ್ಲಿನವರ ಬಾಯಲ್ಲಿ 'ಕೇಪ್ ಡಾಕ್ಟರ್', ಪಶ್ಚಿಮ ತೀರದ ಮೇಲ್ನೀರನ್ನು ಆಚೆ ತಳ್ಳುತ್ತದೆ. ತಳದ ತಣ್ಣೀರು ಮೇಲೆ ಬರುತ್ತದೆ. ಕ್ಲಿಫ್ಟನ್ ಬೀಚಿನಲ್ಲಿ ಮೊಣಕಾಲುದ್ದ ನೀರಿಗೆ ಇಳಿದವಳು ಕಿರುಚಿಕೊಂಡೇ ವಾಪಸ್ ಓಡಿದ್ದೇನೆ. ಅದೇ ದಿನ ಬೆಟ್ಟದ ಆಚೆ ಫಾಲ್ಸ್ ಕೊಲ್ಲಿಯಲ್ಲಿ ಮಕ್ಕಳು ಆರಾಮಾಗಿ ಈಜುತ್ತಿದ್ದರು.

ಪ್ರಶ್ನೆ: ಅಲ್ಲಿನ ಗುಡ್ಡಗಳಿಗೆ ಅಧಿಕಾರಿಗಳೇ ಬೆಂಕಿ ಹಚ್ಚುತ್ತಾರೆ ಎಂದು ಬರೆದಿದ್ದೀರಿ. ಕಾಡು ಸುಡುವವರನ್ನು ಹೊಗಳುವುದೇ?

ಉತ್ತರ: ಮೊದಲಿಗೆ, ಅದು ಕಾಡಲ್ಲ, ಕುರುಚಲು. ಹೆಸರು ಫಿನ್‌ಬಾಸ್. ಪ್ರೋಟಿಯಾ, ಎರಿಕಾ, ಜೊಂಡಿನಂಥ ರೆಸ್ಟಿಯೊ ಇವೆಲ್ಲ ಸೇರಿದ ಗಿಡಗುಂಪು. ಕೇಪ್ ಸಸ್ಯವಲಯದಲ್ಲಿ ಸುಮಾರು 9,000 ಬಗೆಯ ಗಿಡಗಳಿವೆ. ಅವುಗಳಲ್ಲಿ ಮೂರರಲ್ಲಿ ಎರಡು ಪಾಲಿಗೂ ಜಾಸ್ತಿ ಬೇರೆಲ್ಲೂ ಬೆಳೆಯುವುದಿಲ್ಲ.

ಮಣ್ಣು ಬರೀ ಮರಳು, ಸತ್ವ ಕಡಿಮೆ. ಬೇಸಿಗೆಯಲ್ಲಿ ಎಲೆ ಒಣಗಿ ಗರಿಗರಿ. ಹತ್ತರಿಂದ ಮೂವತ್ತು ವರ್ಷಕ್ಕೊಮ್ಮೆ ಬೆಂಕಿ ಬೀಳುವುದು ಅಲ್ಲಿ ಸಹಜ. ಗಿಡಗಳೂ ಅದಕ್ಕೆ ಹೊಂದಿಕೊಂಡಿವೆ. ಎಷ್ಟೋ ಪ್ರೋಟಿಯಾಗಳ ಬೀಜ ಗಟ್ಟಿ ಮುಚ್ಚಿದ ಕಾಯಿಯೊಳಗೆ ವರ್ಷಗಟ್ಟಲೆ ಕೂತಿರುತ್ತದೆ. ತಾಯಿಗಿಡ ಸುಟ್ಟು ಸತ್ತ ಮೇಲೆ ಕಾಯಿ ಬಿರಿಯುತ್ತದೆ. ಸುಟ್ಟ ಗುಡ್ಡದಲ್ಲಿ ಒಂದು ಕಾಯಿಯನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಹೊರಗೆ ಪೂರ್ತಿ ಇದ್ದಿಲು, ಮುಟ್ಟಿದರೆ ಬೆರಳೆಲ್ಲ ಕಪ್ಪು. ಒಳಗೆ ಕಂದು ರೋಮ ಹೊತ್ತ ಬೀಜಗಳು ಒಂದಿಷ್ಟೂ ಕರಕಲಾಗದೆ ಕೂತಿದ್ದವು. ಇನ್ನು ಕೆಲವು ಬೀಜಗಳಿಗೆ ಹೊಗೆ ತಾಗಿದರೇ ಮೊಳಕೆ. ಕಿರ್ಸ್ಟನ್‌ಬಾಶ್ ಸಸ್ಯೋದ್ಯಾನದಲ್ಲಿ ಹೊಗೆ ಹೀರಿಸಿದ ಕಾಗದವನ್ನೇ ಮಾರುತ್ತಾರೆ. ನೀರಲ್ಲಿ ಅದನ್ನು ಹಾಕಿ ಬೀಜ ನೆನೆಸಬೇಕು.

ಇರುವೆಗಳ ಕೆಲಸ ಇನ್ನೂ ಚೆಂದ. ಹಲವು ಬೀಜಗಳ ತುದಿಯಲ್ಲಿ ಎಣ್ಣೆ ತುಂಬಿದ ಒಂದು ಗಂಟು ಇರುತ್ತದೆ. ಅದರಾಸೆಗೆ ಇರುವೆ ಬೀಜವನ್ನು ಗೂಡಿಗೆ ಎಳೆದುಕೊಂಡು ಹೋಗುತ್ತದೆ, ಗಂಟು ತಿಂದು ಬೀಜವನ್ನು ಮಣ್ಣೊಳಗೇ ಬಿಡುತ್ತದೆ. ಇಲಿಗೂ ಸಿಗದು, ಬೆಂಕಿಗೂ ಸಿಗದು. ಹೊರಗಿನಿಂದ ಬಂದ ಅರ್ಜೆಂಟೀನಾ ಇರುವೆಯದು ಬೇರೆ ಬುದ್ಧಿ. ಗಂಟನ್ನು ಅಲ್ಲೇ ತಿಂದು, ಬೀಜವನ್ನು ನೆಲದ ಮೇಲೆ ಬಿಟ್ಟು ಹೋಗುತ್ತದೆ.

ಹಾಗಂತ ಬೆಂಕಿ ಜಾಸ್ತಿಯಾದಷ್ಟೂ ಒಳ್ಳೆಯದಲ್ಲ. ಪ್ರೋಟಿಯಾ ಹೂ ಬಿಟ್ಟು ಬೀಜ ಕೂಡಿಡಲು ಕೆಲವು ವರ್ಷ ಬೇಕು. ಅದರೊಳಗೆ ಮತ್ತೆ ಸುಟ್ಟರೆ ಆ ಗುಡ್ಡದಲ್ಲಿ ಅದರ ವಂಶವೇ ಮುಗಿಯಿತು. ಮನೆಗಳ ಪಕ್ಕದ ಬೆಂಕಿಯಂತೂ ಬೆಂಕಿಯೇ. 2021ರ ಏಪ್ರಿಲ್‌ನಲ್ಲಿ ಟೇಬಲ್ ಮೌಂಟನ್ ಕಡೆಯಿಂದ ಬಂದ ಬೆಂಕಿಗೆ ಕೇಪ್‌ಟೌನ್ ವಿಶ್ವವಿದ್ಯಾಲಯದ ಜಾಗರ್ ಲೈಬ್ರರಿಯ ಓದುಕೋಣೆ ಬೂದಿಯಾಯಿತು.

ಪ್ರಶ್ನೆ: 1652ರಲ್ಲಿ ಡಚ್ಚರು ಬಂದಾಗ ಕೇಪ್ ಖಾಲಿ ಜಾಗವಾಗಿತ್ತು, ಬೇಸಾಯ ಮಾಡುವವರೇ ಇರಲಿಲ್ಲ ಎಂದು ಓದಿದೆ. ಸರಿಯೇ?

ಉತ್ತರ: ಬೇಸಾಯ ಇರಲಿಲ್ಲ, ಸರಿ. ಖಾಲಿ ಇತ್ತು ಎನ್ನುವುದು ಶುದ್ಧ ಸುಳ್ಳು. ದಕ್ಷಿಣ ತೀರದ ಬ್ಲೋಂಬೋಸ್ ಗುಹೆಯಲ್ಲಿ ಸುಮಾರು 75,000 ವರ್ಷ ಹಿಂದೆ ಗೀರುಚಿತ್ರ ಕೆತ್ತಿದ ಕೆಮ್ಮಣ್ಣಿನ ತುಂಡುಗಳು ಸಿಕ್ಕಿವೆ. ಸುಮಾರು 2,000 ವರ್ಷಗಳಿಂದ ಖೋಯ್‌ಖೋಯ್ ಜನ ಕುರಿ, ಆಮೇಲೆ ದನ ಮೇಯಿಸಿಕೊಂಡು ಇಲ್ಲೇ ಇದ್ದರು. ಉಳುವವರು ಯಾಕೆ ಬರಲಿಲ್ಲ? ಪೂರ್ವದಿಂದ ಬಂದ ಬಂಟು ಭಾಷೆಗಳ ರೈತರ ಬೆಳೆ ಜೋಳ, ಸಜ್ಜೆ. ಅವಕ್ಕೆ ಬೇಸಿಗೆ ಮಳೆ ಬೇಕು. ಅವರ ಬೇಸಾಯ ಗ್ರೇಟ್ ಫಿಶ್ ನದಿಯ ಆಸುಪಾಸಿನಲ್ಲೇ ನಿಂತಿತು. ಡಚ್ಚರು ತಂದದ್ದು ಗೋಧಿ, ದ್ರಾಕ್ಷಿ. ಎರಡೂ ಮೆಡಿಟರೇನಿಯನ್ ಮಳೆಗೆ ಒಗ್ಗಿದವು. ಸಾಮರ್ಥ್ಯದ ಮಾತಲ್ಲ, ಮಳೆ ಬರುವ ತಿಂಗಳಿನ ಮಾತು.

ಲೀಸ್‌ಬೀಕ್ ಹೊಳೆ ಬದಿಯ ಹುಲ್ಲುಗಾವಲನ್ನು ಡಚ್ಚರು ಉಳಲು ಶುರು ಮಾಡಿದಾಗ 1659ರಲ್ಲಿ ಜಗಳ ಯುದ್ಧವಾಯಿತು. ಮರುವರ್ಷದ ಸಂಧಿಯ ಮಾತುಕತೆ ಅಲ್ಲಿನ ಡಚ್ಚರ ಮುಖ್ಯಸ್ಥ ಯಾನ್ ವಾನ್ ರೀಬೀಕ್‌ನ ದಿನಚರಿಯಲ್ಲೇ ಇದೆ. ನಾವು ಹಾಲೆಂಡಿಗೆ ಬಂದು ಹೀಗೆ ನಡೆದುಕೊಂಡರೆ ನೀವು ಸುಮ್ನೆ ಇರುತ್ತೀರಾ ಎಂದು ಖೋಯ್‌ಖೋಯ್ ಮುಖಂಡರು ಕೇಳಿದರು. ಯುದ್ಧದಲ್ಲಿ ಗೆದ್ದ ನೆಲ, ಇನ್ನು ಬಿಟ್ಟುಕೊಡುವುದಿಲ್ಲ ಎಂದು ಅವನು ಹೇಳಿಬಿಟ್ಟ. ಅದೇ ವರ್ಷ ಕಾಡುಬಾದಾಮಿಯ ಬೇಲಿ ನೆಡಿಸಿದ, ಅವರ ದನ ಒಳಗೆ ಬರದಂತೆ.

ಆ ಬೇಲಿಯ ಒಂದು ತುಂಡು ಕಿರ್ಸ್ಟನ್‌ಬಾಶ್‌ನಲ್ಲಿ ಇಂದಿಗೂ ಜೀವಂತವಾಗಿದೆ. ಕೊಂಬೆಗಳು ಮೇಲಕ್ಕೆ ಹೋಗುವ ಬದಲು ಅಡ್ಡಕ್ಕೆ ಬಾಗಿ, ನೆಲಕ್ಕೆ ಒರಗಿ, ಮತ್ತೆ ಎದ್ದಿವೆ. ನುಸುಳಲು ನೋಡಿದೆ, ಆಗಲಿಲ್ಲ. ಅದರ ಬೀಜ ಹಸಿಯಾಗಿ ತಿಂದರೆ ವಿಷ. ಖೋಯ್‌ಖೋಯ್ ಜನ ನೀರಲ್ಲಿ ನೆನೆಹಾಕಿ, ವಿಷ ತೆಗೆದು, ಹುರಿದು ತಿನ್ನುತ್ತಿದ್ದರು. ಅವರ ಊಟದ ಗಿಡವನ್ನೇ ಅವರನ್ನು ಹೊರಗಿಡಲು ಬಳಸಿದ್ದು, ನೋಡಿ. 1713ರಲ್ಲಿ ಹಡಗಿನ ಬಟ್ಟೆ ಗಂಟಿನ ಜೊತೆ ಬಂದ ಸಿಡುಬು ಉಳಿದವರಲ್ಲೂ ಬಹಳ ಜನರನ್ನು ಒಯ್ದಿತು.

ಪ್ರಶ್ನೆ: ಕೇಪ್ ಜನರಲ್ಲಿ ಭಾರತದ ರಕ್ತ ಇದೆಯಂತೆ?

ಉತ್ತರ: ಇದೆ. ಡಚ್ ಈಸ್ಟ್ ಇಂಡಿಯಾ ಕಂಪನಿ ಗುಲಾಮರನ್ನು ಹಡಗಲ್ಲಿ ತಂದಿತು: ಬಂಗಾಳ, ಮಲಬಾರ್, ಕೋರಮಂಡಲ, ಇಂಡೋನೇಷ್ಯಾದ ದ್ವೀಪಗಳು, ಮಡಗಾಸ್ಕರ್, ಮೊಜಾಂಬಿಕ್ ಕಡೆಗಳಿಂದ. ವಾನ್ ರೀಬೀಕ್‌ನ ಮನೆಯಲ್ಲೇ ಬಂಗಾಳದ ಆಂಜೆಲಾ ಇದ್ದಳು. ಅವಳಿಗೆ 1666ರಲ್ಲಿ ಬಿಡುಗಡೆ ಸಿಕ್ಕಿತು, ಮುಂದೆ ಸ್ವಂತ ಆಸ್ತಿಯನ್ನೂ ಮಾಡಿದಳು. ಎಲ್ಲರಿಗೂ ಆ ಭಾಗ್ಯ ಇರಲಿಲ್ಲ. ಎಷ್ಟೋ ಗುಲಾಮರಿಗೆ ತಿಂಗಳ ಹೆಸರನ್ನೇ ಇಟ್ಟುಬಿಟ್ಟರು. ಸೆಪ್ಟೆಂಬರ್, ಫೆಬ್ರವರಿ ಎಂಬ ಮನೆತನದ ಹೆಸರುಗಳು ಕೇಪ್‌ಟೌನ್‌ನಲ್ಲಿ ಈಗಲೂ ಇವೆ.

ಪ್ರಶ್ನೆ: ನೀರಿಗಾಗಿ ಮರ ಕಡಿಯುತ್ತಾರೆ ಎಂದಿರಿ. ಮರ ಇದ್ದರೆ ತಾನೇ ಮಳೆ? ಉಲ್ಟಾ ಬರೆದಿದ್ದೀರಿ ಅಲ್ವಾ?

ಉತ್ತರ: ಉಲ್ಟಾ ಅಲ್ಲ ಸ್ವಾಮಿ. ಕೇಪ್‌ನ ಮಳೆ ಸಾಗರದಿಂದ ಬರುವ ಮಳೆ, ಗುಡ್ಡದ ಮೇಲಿನ ಪೈನ್ ಮರಕ್ಕೂ ಅದಕ್ಕೂ ಸಂಬಂಧ ಕಡಿಮೆ. ಪೈನ್, ಆಸ್ಟ್ರೇಲಿಯಾದ ಅಕೇಶಿಯಾ ಎರಡೂ ಹೊರಗಿನವು. ಕುಳ್ಳ ಫಿನ್‌ಬಾಸ್‌ಗಿಂತ ಎಷ್ಟೋ ಜಾಸ್ತಿ ನೀರು ಕುಡಿಯುತ್ತವೆ, ಅದೂ ಅಣೆಕಟ್ಟಿಗೆ ನೀರು ಹರಿದು ಬರುವ ಜಾಗದಲ್ಲೇ. 2015ರಿಂದ ಮೂರು ಚಳಿಗಾಲ ಮಳೆ ಕೈಕೊಟ್ಟಿತು. ಬೇಸಿಗೆಯಲ್ಲಿ ಮಳೆ ಹೇಗೂ ಇಲ್ಲ. 2018ರ ಫೆಬ್ರವರಿಯಿಂದ ಒಬ್ಬರಿಗೆ ದಿನಕ್ಕೆ 50 ಲೀಟರ್ ಮಿತಿ ಹಾಕಿದರು. ನಲ್ಲಿ ಪೂರ್ತಿ ಬಂದ್ ಆಗುವ 'ಡೇ ಝೀರೋ' ಬಂದರೆ ಸಾಲಲ್ಲಿ ನಿಂತು 25 ಲೀಟರ್ ಹಿಡಿಯಬೇಕಿತ್ತು. ಆ ವರ್ಷದ ಚಳಿಗಾಲದ ಮಳೆ ಕಾಪಾಡಿತು.

ಹೊರಗಿನ ಮರ ತೆಗೆಯುವ ಸರ್ಕಾರಿ ಕೆಲಸ 1995ರಿಂದಲೇ ನಡೆದಿದೆ, ಕೆಲಸವಿಲ್ಲದವರಿಗೆ ಕೂಲಿಯೂ ಆಯಿತು. ಕಡಿದಾದ ಬಂಡೆಗಳಲ್ಲಿ ಹಗ್ಗ ಕಟ್ಟಿಕೊಂಡು ಇಳಿದು ಗರಗಸ ಹಾಕುತ್ತಾರೆ. ಆದರೆ ಪೈನ್ ಕಡಿದ ತಕ್ಷಣ ಕೆಲಸ ಮುಗಿಯದು. ಅದರ ಕಾಯಿಯಿಂದಲೂ ಬೀಜ ಉದುರಿ ಸಸಿ ಏಳುತ್ತದೆ. ಆ ಸಸಿಗಳು ಬೀಜ ಬಿಡುವಷ್ಟು ಬೆಳೆಯುವ ಮೊದಲೇ ಗುಡ್ಡಕ್ಕೆ ಬೆಂಕಿ ಕೊಡಬೇಕು.